ಉಪ್ಪು ತಿಂದ ಕಂಟ್ರಿ ಸ್ಕ್ವೈರ್

ಅಮೆರಿಕದ ಮಿಷಿಗನ್‌ನ ಒಂದು ತೋಟದ ಮನೆಯ ಹಿಂದೆ ಆ ಕಾರು ಬಿಸಿಲು, ಹಿಮ ತಿಂದುಕೊಂಡು ನಿಂತಿತ್ತು. 1966ರ ಫೋರ್ಡ್ ಕಂಟ್ರಿ ಸ್ಕ್ವೈರ್ ಸ್ಟೇಷನ್ ವ್ಯಾಗನ್, ಅಂದರೆ ಛಾವಣಿ ಹಿಂದಿನವರೆಗೂ ಚಾಚಿದ, ಹಿಂದೆ ಬಾಗಿಲಿರುವ ಉದ್ದನೆಯ ಕಾರು. ಬಾಗಿಲಿನ ಪ್ಲೇಟ್ ಒರೆಸಿ ನಂಬರ್ ಓದಿದೆ. ಮೊದಲ ಅಂಕಿ 6, ಅಂದರೆ 1966. ಐದನೆಯದು ಝೆಡ್, ಅಂದರೆ 390 ಘನ ಇಂಚಿನ, ಎಂಟು ಸಿಲಿಂಡರ್‌ನ ವಿ8 ಇಂಜಿನ್. ಮನೆಯ ಯಜಮಾನರು, "ಇದನ್ನು ಉಳಿಸಬಹುದಾ, ಗುಜರಿಗೆ ಹಾಕಬೇಕಾ, ನೋಡಿ ಹೇಳಿ" ಅಂದರು.

ಬಾನೆಟ್ ಎತ್ತಿ ಇಂಜಿನ್ ನೋಡಬೇಕು ಅಂತ ಕೈ ತುರಿಸುತ್ತದೆ. ನಾನು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. 390 ಇಂಜಿನ್ ಎಷ್ಟೋ ಫೋರ್ಡ್ ಗಾಡಿಗಳಲ್ಲಿ ಬಂದಿದೆ, ಹುಡುಕಿದರೆ ಸಿಗುತ್ತದೆ. ಚಾಸಿ, ಅಂದರೆ ಗಾಡಿಯನ್ನು ಹೊರುವ ಅಡಿಯ ಚೌಕಟ್ಟು, ಹೋಗಿದ್ದರೆ ಮಾತ್ರ ಕಥೆ ಬೇರೆ. ಇಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಕಾರಿನ ಅಡಿಗೆ ಸಿಡಿದು, ಸಂದಿಗಳಲ್ಲಿ ಕೂತು, ಒಳಗಿನಿಂದಲೇ ಕಬ್ಬಿಣ ತಿನ್ನುತ್ತದೆ.

ಮೊದಲು ಮೇಲ್ಮೈ ನೋಡಿದೆ. ಕಾರಿನ ಪಕ್ಕದಲ್ಲಿ ಮರದ ಹಾಗೆ ಕಾಣುವುದು ಮರ ಅಲ್ಲ, ಮರದ ಚಿತ್ರ ಅಚ್ಚಾದ ವಿನೈಲ್ ಹಾಳೆ. ಅದರ ಸುತ್ತಲಿನ ಪಟ್ಟಿ ಕೂರಿಸಲು ತಗಡಿಗೆ ತೂತು ಹೊಡೆದಿರುತ್ತಾರೆ. ನೀರು ಅಲ್ಲೇ ಇಳಿಯುತ್ತದೆ. ಹಾಳೆ ಎಲ್ಲೆಲ್ಲಿ ಉಬ್ಬಿತ್ತೋ ಅಲ್ಲೆಲ್ಲ ಅಡಿಯಲ್ಲಿ ತುಕ್ಕು. ತೆಳು ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಹಿಂಚಕ್ರದ ಮೇಲ್ಗಡೆಯ ತಗಡಿಗೆ ಆಡಿಸಿದೆ. ಎರಡು ಕಡೆ ಹಿಡಿಯಲೇ ಇಲ್ಲ. ಯಾರೋ ಹಿಂದೆಯೇ ಪುಟ್ಟಿ ಮೆತ್ತಿದ್ದರು. ಮುಂದಿನ ಗಾಜಿನ ಕೆಳಗಿನ ಗಾಳಿಕಿಂಡಿಗೆ ಒಂದು ಚೊಂಬು ನೀರು ಹಾಕಿದೆ. ಸ್ವಲ್ಪ ಹೊತ್ತಿಗೆ ಡ್ರೈವರ್ ಕಾಲಿಡುವ ಜಾಗದಲ್ಲಿ ತೊಟ್ಟಿಕ್ಕಿತು. ಇಷ್ಟಾದರೂ ನಾನು ಕೈಬಿಟ್ಟಿರಲಿಲ್ಲ. ತಗಡಿನ ಕೆಲಸ ಟಿಂಕರಿಂಗ್‌ನಲ್ಲಿ ಮುಗಿಯುತ್ತದೆ, ತಾಳ್ಮೆ ಬೇಕು ಅಷ್ಟೇ.

ಆಮೇಲೆ ಜಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು ಕೆಳಗೆ ತೂರಿದೆ. ತುಕ್ಕು ಹಿಡಿದ ಕಾರಿನ ಕೆಳಗೆ ಜಾಕ್ ಒಂದನ್ನೇ ನಂಬಿ ದಯವಿಟ್ಟು ಹೋಗಬೇಡಿ. ಈ ಚಾಸಿಯ ನಾಲ್ಕು ಮೂಲೆಯಲ್ಲಿ ಟಾರ್ಕ್ ಬಾಕ್ಸ್ ಅಂತ ಇರುತ್ತವೆ. ಪಕ್ಕದ ಉದ್ದ ಕಂಬಿಯನ್ನು ಮುಂದಿನ, ಹಿಂದಿನ ಭಾಗಕ್ಕೆ ಸೇರಿಸುವ ಡಬ್ಬದಂಥ ಜಾಗ. ಮಣ್ಣು, ಉಪ್ಪು ಅಲ್ಲೇ ತುಂಬಿಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿದೆ. ಒಳ್ಳೆಯ ಕಬ್ಬಿಣ ಠಣ್ ಅನ್ನಬೇಕು. ಇಲ್ಲಿ ಒದ್ದೆ ರಟ್ಟಿನ ಹಾಗೆ ಡಬ್ ಅಂದಿತು. ಸ್ಕ್ರೂಡ್ರೈವರ್ ಒತ್ತಿದೆ, ಹಿಂದಿನ ಎರಡರಲ್ಲೂ ಹಿಡಿಯವರೆಗೆ ಇಳಿಯಿತು. ಪದರ ಪದರವಾಗಿ ಮುಖದ ಮೇಲೆ ಉದುರಿತು. ಕನ್ನಡಕ ಹಾಕಿದ್ದೆ, ಕಣ್ಣು ಉಳಿಯಿತು.

ಇನ್ನೊಂದು ಪರೀಕ್ಷೆ ಮಾಡಿದೆ. ಬಾಗಿಲ ಸಂದಿಯನ್ನು ಅಳೆದು, ಚಾಸಿಯ ಒಂದು ಬದಿಗೆ ಜಾಕ್ ಕೊಟ್ಟೆ. ಸಂದಿ ಮೇಲ್ಗಡೆ ಕಣ್ಣೆದುರೇ ಕಿರಿದಾಯಿತು, ಬಾಗಿಲು ಕಚ್ಚಿಕೊಂಡಿತು. ಗಾಡಿಯ ಬೆನ್ನೆಲುಬೇ ಬಾಗುತ್ತಿದೆ ಅಂತ ಅರ್ಥ, ಅಲ್ವಾ? ಆಗ ಎದೆ ಭಾರವಾಯಿತು.

ಇಂಜಿನ್ ಕೂಡ ನೋಡಿದೆ. ಎಂಟೂ ಪ್ಲಗ್ ಬಿಚ್ಚಿ, ಸಿಲಿಂಡರ್‌ಗೆ ಸ್ವಲ್ಪ ಎಣ್ಣೆ ಬಿಟ್ಟು, ಮಾರನೇ ದಿನ ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ತಿರುಗಿಸಿದೆ. ಮೊದಲು ಬಿಗಿ, ಆಮೇಲೆ ಸಲೀಸಾಗಿ ಸುತ್ತಿತು.

ಯಜಮಾನರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದನ್ನು ಮತ್ತೆ ರಸ್ತೆಗೆ ತರಬಾರದು, ಆದರೆ ಸುಮ್ನೆ ಗುಜರಿಗೆ ತೂಕಕ್ಕೆ ಹಾಕುವುದೂ ತಪ್ಪು, ಸಿಗದ ಭಾಗಗಳನ್ನು ಬಿಚ್ಚಿ ಉಳಿಸೋಣ ಅಂದೆ. ಸೆಡಾನ್‌ಗೂ ವ್ಯಾಗನ್‌ಗೂ ಮುಂದಿನ ಭಾಗ ಹೊಂದುತ್ತದೆ. ಹಿಂದಿನದು ವ್ಯಾಗನ್‌ನಲ್ಲಿ ಮಾತ್ರ. ಉದ್ದನೆಯ ಪಕ್ಕದ ಗಾಜು, ಮೇಲಿನ ಕ್ಯಾರಿಯರ್, ಎದುರುಬದುರು ಮಡಚುವ ಪುಟ್ಟ ಸೀಟುಗಳು. ಎಲ್ಲಕ್ಕಿಂತ ಮುಖ್ಯ ಹಿಂಬಾಗಿಲು. ಆ ವರ್ಷ ಫೋರ್ಡ್ ಹೊಸದಾಗಿ ತಂದಿದ್ದ ಮ್ಯಾಜಿಕ್ ಡೋರ್‌ಗೇಟ್ ಅದು. ಹಲಗೆಯಂತೆ ಕೆಳಕ್ಕೂ ಬೀಳುತ್ತದೆ, ಬಾಗಿಲಿನಂತೆ ಪಕ್ಕಕ್ಕೂ ತೆರೆಯುತ್ತದೆ. ಕಿಟಕಿ ಗಾಜು ಇಳಿಯುವುದು ಅದರೊಳಕ್ಕೇ, ಜೊತೆಗೆ ಮಳೆನೀರೂ ಇಳಿಯುತ್ತದೆ. ಹಾಗಾಗಿ ಬಹಳಷ್ಟು ತಳದಿಂದ ಕೊಳೆತಿರುತ್ತವೆ. ಇದರ ತಳ ಗಟ್ಟಿಯಾಗಿತ್ತು.

ಅವರು ಒಪ್ಪಿದರು. ಹಿಂಬಾಗಿಲ ಕೀಲುಗಳನ್ನು ಬಿಚ್ಚಲು ಒಂದು ಇಡೀ ದಿನ ಹಿಡಿಯಿತು. ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಕುಡಿಸಿದ್ದೆ, ಒಂದೂ ಮುರಿಯಲಿಲ್ಲ. ಗಾಜನ್ನು ಕಂಬಳಿಯಲ್ಲಿ ಸುತ್ತಿ ನಿಲ್ಲಿಸಿ ಇಟ್ಟಿದ್ದೇನೆ. ಒಹಾಯೋದಲ್ಲಿ ಇಂಥದ್ದೇ ವ್ಯಾಗನ್ ಕಟ್ಟುತ್ತಿರುವವರೊಬ್ಬರು ಮುಂದಿನ ವಾರ ಬರುತ್ತಾರೆ.