ಭುಜದ ನೋವು: ನಾನು ಮಾಡಿದ ವ್ಯಾಯಾಮ, ನೋಡಿಕೊಂಡ ಲೆಕ್ಕ

ಬಲಗೈಯನ್ನು ಪಕ್ಕದಿಂದ ಮೇಲೆತ್ತಿದರೆ ಅರ್ಧದಲ್ಲಿ ಚುಳ್ ಅನ್ನುತ್ತಿತ್ತು. ಅದನ್ನು ದಾಟಿ ಪೂರ್ತಿ ಮೇಲೆ ಹೋದರೆ ನೋವಿಲ್ಲ. ಇಳಿಸುವಾಗ ಮತ್ತೆ ಅದೇ ಜಾಗದಲ್ಲಿ ಚುಳ್. ಸುಮಾರು 60ರಿಂದ 120 ಡಿಗ್ರಿ ನಡುವೆ ಕಾಡುವ ಈ ನೋವನ್ನು ನಾನು ಕೆಲಸದಲ್ಲಿ ದಿನಾ ನೋಡುತ್ತೇನೆ. ನಾನು ಫಿಸಿಯೋಥೆರಪಿಸ್ಟ್. ಬೇರೆಯವರಿಗೆ ಹೇಳಿಕೊಡುವುದನ್ನು ನನ್ನ ಭುಜಕ್ಕೇ ಹೇಗೆ ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ.

ಮೊದಲು ಇದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲೇ ಬಿಗಿದುಕೊಳ್ಳುವ ತೊಂದರೆ, ಅಲ್ಲ ಅಂತ ನೋಡಿಕೊಂಡೆ. ಮೊಣಕೈಯನ್ನು ಪಕ್ಕೆಗೆ ಒತ್ತಿ, 90 ಡಿಗ್ರಿಗೆ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಬೇಕು. ಆಮೇಲೆ ಇನ್ನೊಬ್ಬರು ಅದನ್ನು ಮೆಲ್ಲಗೆ ಇನ್ನಷ್ಟು ಹೊರಕ್ಕೆ ತಳ್ಳಬೇಕು. ಫ್ರೋಜನ್ ಶೋಲ್ಡರ್ ಇದ್ದರೆ ಬೇರೆಯವರು ತಳ್ಳಿದರೂ ಕೈ ಮುಂದೆ ಹೋಗುವುದಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಅದು ಜಾಸ್ತಿ. ನನಗೆ ಎರಡೂ ಕೈ ಒಂದೇ ಥರ ತಿರುಗಿತು. ಕುತ್ತಿಗೆ ಹೊರಳಿಸಿದರೆ ನೋವು ಕೈಗಿಳಿಯುತ್ತಿರಲಿಲ್ಲ, ಬೆರಳು ಜೋಮು ಹಿಡಿಯುತ್ತಿರಲಿಲ್ಲ. ಬಿದ್ದದ್ದೂ ಇಲ್ಲ. ಬಿದ್ದ ಮೇಲೆ ಕೈ ಎತ್ತಲಾಗದಿದ್ದರೆ, ಭುಜ ಕೆಂಪಾಗಿ ಜ್ವರ ಬಂದರೆ, ಎದೆ ಬಿಗಿತ ಮತ್ತು ಬೆವರಿನ ಜೊತೆ ಭುಜ ನೋಯುತ್ತಿದ್ದರೆ ವ್ಯಾಯಾಮದ ಮಾತೇ ಬೇಡ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಎಂಆರ್‌ಐ ಮಾಡಿಸಲಿಲ್ಲ. ಒಂಚೂರೂ ನೋವಿಲ್ಲದವರ ಭುಜದಲ್ಲೂ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಹರಿದಿರುವುದು ಸ್ಕ್ಯಾನಿನಲ್ಲಿ ಕಾಣುತ್ತದೆ, ವಯಸ್ಸಾದಂತೆ ಇನ್ನೂ ಹೆಚ್ಚು. ರಿಪೋರ್ಟಿನಲ್ಲಿ ಒಮ್ಮೆ 'ಹರಿದಿದೆ' ಅಂತ ಓದಿದ ಮೇಲೆ ಕೈ ಎತ್ತಲು ಹೆದರುವವರನ್ನು ಬೇಕಾದಷ್ಟು ನೋಡಿದ್ದೇನೆ. ಭುಜದ ಮೇಲ್ಭಾಗದ ಮೂಳೆ ಟೆಂಡನ್ನಿಗೆ ಉಜ್ಜಿಯೇ ನೋವು ಬರುತ್ತದೆ ಅನ್ನುವ ವಿವರಣೆ ಅಮೆರಿಕದ ಸರ್ಜನ್ ಚಾರ್ಲ್ಸ್ ನೀರ್ 1972ರಲ್ಲಿ ಬರೆದ ಲೇಖನದಿಂದ ಹಬ್ಬಿತು. ಆ ಮೂಳೆಯನ್ನು ಕೆರೆದು ಜಾಗ ಮಾಡುವ ಆಪರೇಷನ್ ಲಕ್ಷಾಂತರ ಜನರಿಗೆ ಆಯಿತು. 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ ಕೆಲವರಿಗೆ ಮೂಳೆ ಕೆರೆದರು, ಕೆಲವರಿಗೆ ಕ್ಯಾಮೆರಾ ಹಾಕಿ ನೋಡಿ ಸುಮ್ನೆ ಹೊಲಿಗೆ ಹಾಕಿದರು. ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಗುಣ. ಹಾಗಾಗಿ ಉಜ್ಜುತ್ತದೆ ಅನ್ನುವ ಭಯವನ್ನು ನಾನು ಇಟ್ಟುಕೊಳ್ಳಲಿಲ್ಲ.

ಭುಜದ ಗುಂಡು ದೊಡ್ಡದು, ಅದು ಕೂರುವ ಗುಳಿ ಚಿಕ್ಕದು, ಆಳವೂ ಇಲ್ಲ. ಚಮಚದ ಮೇಲಿಟ್ಟ ನಿಂಬೆಹಣ್ಣಿನ ಹಾಗೆ. ಅದನ್ನು ಜಾರದಂತೆ ಹಿಡಿದಿಡುವುದು ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು. ಜೊತೆಗೆ ಬೆನ್ನಿನ ಮೇಲ್ಭಾಗದ ರೆಕ್ಕೆಮೂಳೆಯನ್ನು ತಿರುಗಿಸುವ ಸ್ನಾಯುಗಳೂ ಸರಿಯಾಗಿ ಕೆಲಸ ಮಾಡಬೇಕು. ಇವಕ್ಕೆ ತಾಕತ್ತು ಬರಬೇಕಾದರೆ ಭಾರ ಬೇಕು. ಆದರೆ ಎಷ್ಟು? ನನ್ನ ಪ್ರಕಾರ ಯಾವ ವ್ಯಾಯಾಮ ಅನ್ನುವುದಕ್ಕಿಂತ ಈ ಎಷ್ಟು ಅನ್ನುವುದೇ ಮುಖ್ಯ.

ಅದಕ್ಕೆ ನಾನು ಬಳಸಿದ ಲೆಕ್ಕ ಇದು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನಂಬರ್ ಕೊಟ್ಟರೆ, ವ್ಯಾಯಾಮದ ಹೊತ್ತಿಗೆ 4ರವರೆಗೆ ಬಂದರೂ ಪರವಾಗಿಲ್ಲ. ಮರುದಿನ ಬೆಳಿಗ್ಗೆ ಎದ್ದಾಗ ಅದು ಹಿಂದಿನ ದಿನ ಶುರುಮಾಡುವ ಮೊದಲು ಇದ್ದಷ್ಟಕ್ಕೆ ಇಳಿದಿರಬೇಕು. ಇಳಿದಿದ್ದರೆ ಅಷ್ಟೇ ಮುಂದುವರಿಸು, ಕೆಲವು ಸಲ ಹೀಗೇ ಆದರೆ ಸ್ವಲ್ಪ ಏರಿಸು. ಇಳಿದಿಲ್ಲವಾದರೆ ಭಾರ ಕಡಿಮೆ ಮಾಡು, ನಿಲ್ಲಿಸಬೇಡ. ನಾನು ಎದ್ದ ಕೂಡಲೇ ಒಂದು ಸಲ ಕೈ ಪಕ್ಕದಿಂದ ಎತ್ತಿ ನೋಡಿ, ನಂಬರನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ದಿನವಿಡೀ ಭುಜವನ್ನು ಒತ್ತಿ ಒತ್ತಿ ನೋಡಿಕೊಳ್ಳುವ ಚಟ ಇದರಿಂದ ತಪ್ಪುತ್ತದೆ. ಆ ಚಟ ನೋವಿಗಿಂತ ದೊಡ್ಡ ಕಾಟ.

ಶುರುವಿನಲ್ಲಿ ಕೈ ಆಡಿಸದೆ ಒತ್ತುವುದು ಮಾತ್ರ. ಬಾಗಿಲ ಚೌಕಟ್ಟಿನ ಪಕ್ಕ ನಿಂತು, ಪಕ್ಕೆ ಮತ್ತು ಮೊಣಕೈ ನಡುವೆ ಸುತ್ತಿದ ಟವೆಲ್ ಇಟ್ಟು, ಅಂಗೈ ಹಿಂಭಾಗದಿಂದ ಚೌಕಟ್ಟನ್ನು ಒತ್ತುತ್ತಿದ್ದೆ. ಅರ್ಧ ಬಲದಲ್ಲಿ, 30ರಿಂದ 45 ಸೆಕೆಂಡು, ಐದು ಸಲ. ಉಸಿರು ಹಿಡಿಯಬಾರದು. ನೋವು ಜೋರಿದ್ದಾಗಲೂ ಇದನ್ನು ಮಾಡಬಹುದು.

ಬೆಳಗಿನ ನಂಬರ್ ಇಳಿದ ಮೇಲೆ ನೀರಿನ ಬಾಟಲಿಗೆ ಬಂದೆ. ನನಗೆ ಡಂಬೆಲ್‌ಗಿಂತ ಬಾಟಲಿಯೇ ಇಷ್ಟ. ಒಂದು ಕಿಲೋ ಡಂಬೆಲ್‌ನಿಂದ ಎರಡು ಕಿಲೋಗೆ ಹೋದರೆ ಭಾರ ಒಮ್ಮೆಗೇ ಎರಡು ಪಟ್ಟು. ಬಾಟಲಿಯಲ್ಲಾದರೆ 100 ಮಿಲಿ ನೀರು ಹಾಕಿದರೆ 100 ಗ್ರಾಂ ಏರುತ್ತದೆ, ಅಷ್ಟೇ. ನೋವಿಲ್ಲದ ಮಗ್ಗುಲಿಗೆ ಮಲಗಿ, ಟವೆಲ್ ಪಕ್ಕೆಯಲ್ಲಿಟ್ಟು, ಮಡಚಿದ ಕೈಯಲ್ಲಿ ಬಾಟಲಿ ಹಿಡಿದು ಮುಂಗೈಯನ್ನು ಹೊಟ್ಟೆಯ ಕಡೆಯಿಂದ ಮೇಲಕ್ಕೆ ತಿರುಗಿಸುವುದು. ಎತ್ತುವುದು ಎರಡು ಎಣಿಕೆ, ಇಳಿಸುವುದು ನಾಲ್ಕು. ಹತ್ತರಿಂದ ಹದಿನೈದು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಕೊನೆಯ ಎರಡು ಮೂರು ಸಲ ಕಷ್ಟ ಅನಿಸದಿದ್ದರೆ ಇನ್ನಷ್ಟು ನೀರು. ಇಳಿಸುವಾಗ ಬಾಟಲಿಯೊಳಗಿನ ನೀರು ಕುಲುಕಿದರೆ ಅವಸರ ಮಾಡಿದ್ದೀರಿ ಅಂತ ತಿಳಿಯಬೇಕು.

ಕೈ ಎತ್ತುವ ವ್ಯಾಯಾಮವನ್ನು ಗೋಡೆಯ ಸಹಾಯದಿಂದ ಹಿಡಿದೆ. ಮುಂಗೈ ಎರಡನ್ನೂ ಗೋಡೆಗೆ ಒರಗಿಸಿ ಮೇಲಕ್ಕೆ ಜಾರಿಸುವುದು. ಆಮೇಲೆ ಗೋಡೆ ಬಿಟ್ಟು, ಮೊಣಕೈ ಮಡಚಿಕೊಂಡೇ ಎತ್ತುವುದು. ಕೈ ಚಾಚಿದಷ್ಟೂ ಭುಜಕ್ಕೆ ಹೊರೆ ಜಾಸ್ತಿ, ಆದ್ದರಿಂದ ಚಾಚುವುದು ಕೊನೆಗೆ. ಎತ್ತುವಾಗ ಕೈ ನೇರ ಪಕ್ಕಕ್ಕಲ್ಲ, ಸುಮಾರು 30 ಡಿಗ್ರಿ ಮುಂದಕ್ಕೆ ಇರಲಿ, ಹೆಬ್ಬೆರಳು ಮೇಲೆ. ರೆಕ್ಕೆಮೂಳೆ ಕೂತಿರುವುದೇ ಆ ಓರೆಯಲ್ಲಿ. ವ್ಯಾಯಾಮದ ರಬ್ಬರ್ ಬ್ಯಾಂಡ್ ಹಿಡಿದು ಎಳೆಯುವುದು, ಗೋಡೆಗೆ ಪುಷ್‌ಅಪ್ ಮಾಡಿ ಕೊನೆಯಲ್ಲಿ ಇನ್ನೊಂದಿಷ್ಟು ತಳ್ಳುವುದು, ಇವೂ ಇದ್ದವು. ಗೋಡೆಯಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ ಇಳಿದೆ.

ರಾತ್ರಿ ನೋವಿನ ಮಗ್ಗುಲಿಗೆ ಮಲಗುತ್ತಿರಲಿಲ್ಲ. ಇನ್ನೊಂದು ಮಗ್ಗುಲಾಗಿ, ಎದೆಯ ಮುಂದೆ ದಿಂಬಿಟ್ಟು ಕೈಯನ್ನು ಅದರ ಮೇಲೆ ಹಾಕಿಕೊಂಡರೆ ನಿದ್ದೆ ಬರುತ್ತಿತ್ತು.

ಮೊದಲ ಕೆಲವು ವಾರ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಟೆಂಡನ್ ನಿಧಾನಿ. ಸುಮಾರು 12 ವಾರ ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ, ನನಗೂ ಅದನ್ನೇ ಹೇಳಿಕೊಂಡೆ. ನಡುವೆ ಇಂಜೆಕ್ಷನ್ ತಗೋಬಾರದಾ ಅಂತ ಗೆಳೆಯರು ಕೇಳಿದರು. 2021ರಲ್ಲಿ ಬಂದ ಬ್ರಿಟನ್ನಿನ 708 ಜನರ ಅಧ್ಯಯನದಲ್ಲಿ ಸ್ಟಿರಾಯ್ಡ್ ಇಂಜೆಕ್ಷನ್‌ನಿಂದ ದೀರ್ಘಕಾಲದ ಲಾಭ ಕಾಣಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ನನ್ನ ಹೊಟ್ಟೆಪಾಡಿಗೆ ಒಳ್ಳೆಯದಲ್ಲ, ಆದರೂ ಹೇಳಬೇಕು ಅಲ್ವಾ? ಫಿಸಿಯೋ ಹತ್ತಿರ ಆರು ಸಲದವರೆಗೆ ಹೋದವರಿಗೂ, ಒಂದೇ ಸಲ ಚೆನ್ನಾಗಿ ಕೇಳಿಸಿಕೊಂಡು ಮನೆಯಲ್ಲಿ ಮಾಡಿಕೊಂಡವರಿಗೂ ಗುಣದಲ್ಲಿ ಹೇಳುವಂಥ ವ್ಯತ್ಯಾಸ ಬರಲಿಲ್ಲ.

ನೋವು ಹೋದ ಮೇಲೂ ವಾರಕ್ಕೆ ಎರಡು ಸಲ ಬಾಟಲಿಯದ್ದು, ಪುಷ್‌ಅಪ್ ಎರಡನ್ನೂ ಇಟ್ಟುಕೊಂಡಿದ್ದೇನೆ. ಚೆಂಡು ಎಸೆಯುವುದನ್ನು ಎಲ್ಲಕ್ಕಿಂತ ಕೊನೆಗೆ ಶುರುಮಾಡಿದೆ. ಹತ್ತಿರದಿಂದ, ಮೆತ್ತಗೆ. ಅದಕ್ಕೂ ಅದೇ ಬೆಳಗಿನ ಲೆಕ್ಕ. ದೂರದ ಎಸೆತದ ಮರುದಿನ ನಂಬರ್ ಇನ್ನೂ ಒಂದಕ್ಕೆ ಬರುತ್ತದೆ, ಸದ್ಯಕ್ಕೆ ದೂರ ಹೆಚ್ಚಿಸುತ್ತಿಲ್ಲ.