ಸೀಬಾಸ್ ಮೊಟ್ಟೆ ತೊಳೆಯುವ ಮೊದಲು ತಾಯಿ ಮೀನನ್ನು ಪರೀಕ್ಷಿಸಿ

ಮೊಟ್ಟೆಯ ಮೂಲಕ ವೈರಸ್ ಮರಿಗೆ ದಾಟುತ್ತದೆಯೇ ಎಂದು ಹ್ಯಾಚರಿ (ಮೀನುಮರಿ ಉತ್ಪಾದನಾ ಕೇಂದ್ರ) ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ನನ್ನನ್ನು ಕೇಳುತ್ತಾರೆ. ಅದು ಯಾವ ವೈರಸ್ ಎಂಬುದರ ಮೇಲೆ ನಿಂತಿದೆ. ಟ್ರೌಟ್ ಮೀನಿನ ರಕ್ತ ಉತ್ಪಾದಿಸುವ ಅಂಗಾಂಶವನ್ನು ಹಾಳುಮಾಡುವ ಐಎಚ್‌ಎನ್ ವೈರಸ್ ಹೆಚ್ಚಾಗಿ ಮೊಟ್ಟೆಯ ಹೊರಮೈಗೆ ಅಂಟಿಕೊಂಡು ಬರುತ್ತದೆ. ಅಯೋಡಿನ್ ಇರುವ ಸೋಂಕುನಾಶಕವಾದ 100 ಪಿಪಿಎಂ (ಹತ್ತು ಲಕ್ಷದಲ್ಲಿ ನೂರು ಭಾಗ) ಅಯೋಡೋಫೋರ್‌ನಲ್ಲಿ 10 ನಿಮಿಷ ಅದ್ದಿದರೆ ಬಹುಪಾಲು ನಾಶವಾಗುತ್ತದೆ. ಅದೇ ಟ್ರೌಟ್‌ನ ಮೇದೋಜ್ಜೀರಕ ಗ್ರಂಥಿಯನ್ನು ಹಾಳುಮಾಡುವ ಐಪಿಎನ್ ವೈರಸ್ ಮೊಟ್ಟೆಯ ಒಳಗೂ ಸೇರಿಕೊಳ್ಳುತ್ತದೆ, ಅಲ್ಲಿಗೆ ಅಯೋಡಿನ್ ತಲುಪುವುದಿಲ್ಲ. ನಮ್ಮ ಸೀಬಾಸ್‌ಗೆ ಕಂಟಕವಾದ ನರ್ವಸ್ ನೆಕ್ರೋಸಿಸ್ (ಮಿದುಳು, ನರಗಳನ್ನು ಹಾಳುಮಾಡುವ) ವೈರಸ್ ಕೂಡ ತಾಯಿಯಿಂದ ಮರಿಗೆ ದಾಟುತ್ತದೆ. ಹಾಗಾಗಿ ತೊಳೆಯುವುದನ್ನೇ ನಂಬಿ ಕೂರಬೇಡಿ.

ಮೊಟ್ಟೆ ಇಡಿಸುವ ಹಾರ್ಮೋನ್ ಚುಚ್ಚುವ ಮೊದಲು ಮೊಟ್ಟೆ ಬಲಿತಿದೆಯೇ ಎಂದು ಹೇಗೂ ನೋಡುತ್ತೇವೆ. ಪರೀಕ್ಷೆಯ ಮಾದರಿಯನ್ನೂ ಆಗಲೇ ತೆಗೆಯಿರಿ. ಲವಂಗದ ಎಣ್ಣೆ ಬೆರೆಸಿದ ನೀರಿನಲ್ಲಿ ಮೀನನ್ನು ಮಂಪರು ಬರಿಸಿ, ಸ್ಪಂಜಿನ ಮೇಲೆ ಮಲಗಿಸಿ, ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ. ಜನನಾಂಗದ ರಂಧ್ರದೊಳಗೆ ಮೃದುವಾದ ಸಣ್ಣ ಕೊಳವೆಯನ್ನು ನಿಧಾನವಾಗಿ ತೂರಿಸಿ, ಮೆಲ್ಲಗೆ ಹೀರಿ. ತಡೆ ಸಿಕ್ಕಿದರೆ ಒತ್ತಬೇಡಿ, ಅಂಡಾಶಯ ಹರಿದೀತು. ಬಂದ ಮೊಟ್ಟೆಗಳಲ್ಲಿ ಕೆಲವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯಿರಿ. ಉಳಿದವನ್ನು ವೈರಸ್‌ನ ಆನುವಂಶಿಕ ವಸ್ತುವಾದ ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣದಲ್ಲಿ ಹಾಕಿ, ಮೀನಿನ ಗುರುತಿನ ಸಂಖ್ಯೆ ಬರೆದು ಅದನ್ನು ಪತ್ತೆಹಚ್ಚುವ ಆರ್‌ಟಿ-ಪಿಸಿಆರ್‌ಗೆ ಕಳುಹಿಸಿ. ಗಂಡಿನ ಹೊಟ್ಟೆ ಒತ್ತಿದರೆ ಹಾಲಿನಂತಹ ವೀರ್ಯ ಬರುತ್ತದೆ, ಅದನ್ನೂ ಸೇರಿಸಿ. ಪ್ರತಿ ಮೀನಿಗೂ ಹೊಸ ಕೊಳವೆ ಬಳಸಬೇಕು. ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಫಲಿತಾಂಶ ಬರುವವರೆಗೆ ಹಾರ್ಮೋನ್ ಬೇಡ. ಸೀಬಾಸ್ ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಮೊಟ್ಟೆ ಇಡುತ್ತದೆ; ಅಮಾವಾಸ್ಯೆಯ ಸರದಿ ತಪ್ಪಿದರೆ ಹುಣ್ಣಿಮೆಗೆ ಕಾಯಬಹುದು. ವೈರಸ್ ಕಂಡ ಮೀನನ್ನು ತಳಿ ತೊಟ್ಟಿಯಿಂದ ಹೊರಗಿಡಿ. ಕಾಣದ ಮೀನೂ ಪೂರ್ತಿ ಸುರಕ್ಷಿತವಲ್ಲ: ಅತ್ಯಲ್ಪ ವೈರಸ್ ಪರೀಕ್ಷೆಗೆ ಸಿಗದಿರಬಹುದು, ಮತ್ತೆ ಮತ್ತೆ ಮೊಟ್ಟೆ ಇಡಿಸಿ ದಣಿಸಿದರೆ ಅದು ಹೆಚ್ಚಬಹುದು. ಮೇವಿನ ಹಸಿ ಮೀನಿನಿಂದಲೂ ವೈರಸ್ ಬರುತ್ತದೆ.

ಸೀಬಾಸ್ ಮೊಟ್ಟೆ ಸುಮಾರು 0.8 ಮಿಲಿಮೀಟರ್, ಗಾಜಿನಷ್ಟು ತಿಳಿ. ಗಾಳಿ ನಿಲ್ಲಿಸಿದರೆ ಒಳ್ಳೆಯವು ತೇಲುತ್ತವೆ, ಸತ್ತವು ತಳ ಸೇರುತ್ತವೆ. ತೇಲಿದವನ್ನು ಓಝೋನ್ ಹಾಯಿಸಿದ ಸಮುದ್ರದ ನೀರಿನಲ್ಲಿ ಅಲ್ಪ ಹೊತ್ತು ತೊಳೆದು, ಶುದ್ಧ ನೀರಿನಲ್ಲಿ ಜಾಲಿಸಿ. ಒಂದು ದಿನ ತುಂಬುವ ಮೊದಲೇ ಅವು ಒಡೆದು ಮರಿಯಾಗುವುದರಿಂದ ಮೊಟ್ಟೆಯ ಫಲಿತಾಂಶಕ್ಕೆ ಕಾಯಲು ಸಮಯವಿಲ್ಲ. ಅದಕ್ಕಾಗಿಯೇ ಒಂದೊಂದು ಸರದಿಯ ಮೊಟ್ಟೆಗೂ ಬೇರೆ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್ ಇರಲಿ.

ಮರಿಗಳು ಕಪ್ಪಾಗಿ, ಗಿರಕಿ ಹೊಡೆದು, ಹೊಟ್ಟೆ ಮೇಲಾಗಿ ತೇಲತೊಡಗಿದರೆ ಕೂಡಲೇ ಮಾದರಿ ಕಳುಹಿಸಿ, ತೊಟ್ಟಿಯ ನೀರು ಹೊರಹೋಗದಂತೆ ತಡೆಯಿರಿ. ಸೋಂಕು ಖಚಿತವಾದರೆ ಆ ತೊಟ್ಟಿಯ ಮರಿಗಳನ್ನೆಲ್ಲ ನಾಶಮಾಡಿ, ನೀರಿಗೆ ಕ್ಲೋರಿನ್ ಹಾಕಿ. ರೋಗದಿಂದ ಬದುಕುಳಿದವು ಎಷ್ಟೇ ಚುರುಕಾಗಿ ಕಂಡರೂ ಯಾವ ರೈತನಿಗೂ ಮಾರಬೇಡಿ. ಅವು ಮೈಯಲ್ಲಿ ವೈರಸ್ ಹೊತ್ತೇ ಬೆಳೆಯುತ್ತವೆ.