ಮನೆ ನೋಡುವ ಮೊದಲು ಪಾಸ್‌ಬುಕ್ ನೋಡಿ

ಮಡಿಕೇರಿಯಲ್ಲಿ ಕೂತು ಬೇರೆಯವರ ಲೆಕ್ಕ ಬರೆಯುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಜನ ಒಂದೇ ಮಾತು ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಕುಶಾಲನಗರದಲ್ಲಿ ಒಂದು ಮನೆ ನೋಡಿದ್ದೇವೆ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟಾಯಿತು, ಸಾಲ ಎಷ್ಟು ಸಿಗುತ್ತೆ ಸ್ವಲ್ಪ ಹೇಳಿ." ಅಡ್ವಾನ್ಸ್ ಕೊಟ್ಟ ಮೇಲೆ ನಾನು ಹೇಳುವುದೇನಿದೆ? ಇದನ್ನೆಲ್ಲ ಒಂದು ವರ್ಷ ಮೊದಲು ಕೇಳಬೇಕಿತ್ತು. ಆ ಒಂದು ವರ್ಷದಲ್ಲಿ ಏನೇನು ಮಾಡಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಂತ 1: ಸಿಬಿಲ್ ನೋಡಿಕೊಳ್ಳಿ

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ನಿಮ್ಮ ಸಾಲ, ಕಂತಿನ ಚರಿತ್ರೆ ಇಟ್ಟು ಅದಕ್ಕೆ ಸ್ಕೋರ್ ಕೊಡುವ ನಾಲ್ಕು ಸಂಸ್ಥೆಗಳಿವೆ. ನಾಲ್ಕೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು. ಅದಕ್ಕೆ ದುಡ್ಡು ಕೇಳುವ ಆ್ಯಪ್‌ಗಳ ಕಡೆ ತಿರುಗಿಯೂ ನೋಡಬೇಡಿ. ಸ್ಕೋರ್ 300ರಿಂದ 900ರ ತನಕ ಇರುತ್ತದೆ, 750 ದಾಟಿದ್ದರೆ ನಿಶ್ಚಿಂತೆ. ನಮ್ಮ ಕಡೆ ಸ್ಕೋರ್ ಬೀಳುವುದು ಸ್ವಂತ ಸಾಲದಿಂದಲೇ ಅಂತಿಲ್ಲ. ಚಿಕ್ಕಪ್ಪನ ಮಗನ ಜೀಪ್ ಸಾಲಕ್ಕೆ ಜಾಮೀನು ಹಾಕಿ ಮರೆತಿರುತ್ತೀರಿ, ಅವನು ಕಂತು ನಿಲ್ಲಿಸಿರುತ್ತಾನೆ, ಅದು ನಿಮ್ಮ ವರದಿಯಲ್ಲಿ ಕೂತಿರುತ್ತದೆ. ಹಳೇ ಸಾಲವನ್ನು ಕಡಿಮೆ ಮೊತ್ತಕ್ಕೆ ಒಪ್ಪಿಸಿ 'ಸೆಟ್ಲ್‌ಮೆಂಟ್' ಮಾಡಿಕೊಂಡಿದ್ದರೂ ಅಷ್ಟೇ, ಬ್ಯಾಂಕಿನವರ ಕಣ್ಣಲ್ಲಿ ಅದು ತೀರಿಸಿದ ಸಾಲ ಅಲ್ಲ.

ಹಂತ 2: ಆದಾಯಕ್ಕೆ ಕಾಗದ ಮಾಡಿಕೊಳ್ಳಿ

ಸಂಬಳದವರು ಇದನ್ನು ಬಿಟ್ಟು ಮುಂದೆ ಹೋಗಿ. ಉಳಿದವರು ಕಾಫಿ ಬೆಳೆಯುವವರು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ಸ್ ಯಾಕೆ ಹಾಕಬೇಕು ಅಂತ ಕೇಳುತ್ತೀರಿ. ತೆರಿಗೆಗಾಗಿ ಅಲ್ಲ, ನಾಳೆ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ಸ್ ಕೇಳಿದಾಗ ಮುಖ ಮುಖ ನೋಡಬಾರದಲ್ವಾ, ಅದಕ್ಕೆ. ರೊಬಸ್ಟಾ ಚೀಲ ಕೊಟ್ಟಾಗ ನಗದು ತಗೊಂಡು ಜೇಬಿಗೆ ಹಾಕಬೇಡಿ. ಖಾತೆಗೆ ಹಾಕಿಸಿ, ಬಿಲ್ ಇಟ್ಟುಕೊಳ್ಳಿ, ಕರಿಮೆಣಸಿಗೂ ಅದೇ ನಿಯಮ. ಇನ್ನೊಂದು ಮಾತು, ದರ ಏರಿದ ವರ್ಷದ ಆದಾಯ ಇಟ್ಟುಕೊಂಡು ಕಂತಿನ ಲೆಕ್ಕ ಹಾಕಬೇಡಿ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಎಷ್ಟು ಬಂದಿತ್ತೋ ಅದನ್ನು 12ರಿಂದ ಭಾಗಿಸಿ, ಅದೇ ನಿಮ್ಮ ಸಂಬಳ.

ಹಂತ 3: ಕಂತಿನ ಅಭ್ಯಾಸ

32 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 27,800 ರೂಪಾಯಿ. ಈಗ 9,000 ಬಾಡಿಗೆ ಕೊಡುತ್ತಿದ್ದರೆ ಉಳಿದ 18,800ನ್ನು ಇವತ್ತಿಂದಲೇ ಪ್ರತಿ ತಿಂಗಳು ಬ್ಯಾಂಕಿನ ಆರ್‌ಡಿಗೆ (ತಿಂಗಳ ಠೇವಣಿ) ಕಟ್ಟಿ. ಆರು ತಿಂಗಳು ಉಸಿರು ಕಟ್ಟದೆ ಕಟ್ಟಿದರೆ ಮನೆ ನೋಡಲು ಹೋಗಿ. ಮೂರನೇ ತಿಂಗಳಿಗೇ ಆರ್‌ಡಿ ಮುರಿದರೆ ಸಣ್ಣ ಮನೆ ನೋಡಿ. ನನ್ನ ಪ್ರಕಾರ ಎಲ್ಲಾ ಕಂತು ಸೇರಿ ಕೈಗೆ ಬರುವ ದುಡ್ಡಿನ ಶೇ 40 ದಾಟಬಾರದು. ಬ್ಯಾಂಕಿನವರು ಅದಕ್ಕಿಂತ ಜಾಸ್ತಿಗೂ ಒಪ್ಪಬಹುದು, ನೀವು ಒಪ್ಪಬೇಡಿ. ಕಾಫಿಯವರಿಗೆ ದುಡ್ಡು ವರ್ಷಕ್ಕೊಮ್ಮೆ, ಕಂತು ತಿಂಗಳಿಗೊಮ್ಮೆ. ಕೊಯ್ಲು ಮಾರಿದ ತಕ್ಷಣ ಪೂರ್ತಿ 12 ಕಂತಿನ ದುಡ್ಡನ್ನು ಬೇರೆ ಖಾತೆಗೆ ಹಾಕಿ ಆ ಎಟಿಎಂ ಕಾರ್ಡನ್ನು ಮನೆಯವರ ಕೈಗೆ ಕೊಟ್ಟುಬಿಡಿ.

ಹಂತ 4: ಕೈದುಡ್ಡು

ಎಲ್ಲರೂ ಎಡವುವುದು ಇಲ್ಲೇ. "ಬ್ಯಾಂಕ್ ಶೇ 80 ಕೊಡುತ್ತೆ, ನಾನು 20 ಹಾಕಿದರೆ ಮನೆ ನನ್ನದು" ಅನ್ನುವ ಲೆಕ್ಕ ಹಿಡಿದು ಬರುತ್ತಾರೆ. ಆ ಶೇ 80 ಯಾವುದರ ಮೇಲೆ ಅಂತ ಯಾರೂ ಕೇಳುವುದಿಲ್ಲ.

ರಿಸರ್ವ್ ಬ್ಯಾಂಕಿನ ನಿಯಮ ಹೀಗಿದೆ. 30 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ ಶೇ 90ರವರೆಗೆ, 30ರಿಂದ 75 ಲಕ್ಷದ ಸಾಲವಾದರೆ ಶೇ 80ರವರೆಗೆ, ಅದಕ್ಕೂ ಮೇಲೆ ಶೇ 75ರವರೆಗೆ. ಇದು ಗರಿಷ್ಠ ಮಿತಿ, ನಿಮ್ಮ ಹಕ್ಕಲ್ಲ. ಬೆಲೆ ಅಂದರೆ ನೀವು ಬಾಯಲ್ಲಿ ಒಪ್ಪಿದ ಬೆಲೆ ಅಲ್ಲ. ಕರಾರಿನಲ್ಲಿ ಬರೆದ ಬೆಲೆ ಮತ್ತು ಬ್ಯಾಂಕಿನ ಎಂಜಿನಿಯರ್ ಬಂದು ಹಾಕುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಇಳಿಜಾರಿನ ಜಾಗ, ತಡೆಗೋಡೆ ಇಲ್ಲದ ಹಿತ್ತಲು, ಲಾರಿ ಹೋಗದ ದಾರಿ, ಇವೆಲ್ಲ ನಮ್ಮ ಊರಲ್ಲಿ ಮಾಮೂಲು. ಆ ಎಂಜಿನಿಯರ್‌ಗೆ ಮಾಮೂಲು ಅಲ್ಲ.

ಈಗ 40 ಲಕ್ಷದ ಮನೆ ತಗೊಳ್ಳಿ. ಪೂರ್ತಿ 40ಕ್ಕೇ ಕರಾರು ಮಾಡಿದರೆ ಸಾಲ 32 ಲಕ್ಷ, ಕೈಯಿಂದ 8 ಲಕ್ಷ. ಇದರ ಮೇಲೆ ಮುದ್ರಾಂಕ ಶುಲ್ಕ ಶೇ 5, ಅದಕ್ಕೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಪಟ್ಟಣದಲ್ಲಿ ಶೇ 7.6, ಅಂದರೆ 3 ಲಕ್ಷದ ಮೇಲೆ. ಈ ದುಡ್ಡು ಸಾಲದಲ್ಲಿ ಸೇರುವುದಿಲ್ಲ. ಈಗ ಕೈದುಡ್ಡು 11 ಲಕ್ಷ ಆಯಿತು, ವಕೀಲರ ಫೀಸು, ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಇನ್ನೂ ಸೇರಿಸಿಲ್ಲ.

ಅಷ್ಟರಲ್ಲಿ ಮಾರುವವರು ಹೇಳುತ್ತಾರೆ, "28ಕ್ಕೆ ರಿಜಿಸ್ಟ್ರೇಷನ್ ಮಾಡೋಣ, ಉಳಿದ 12 ಕೈಯಲ್ಲಿ ಕೊಡಿ, ನಿಮಗೂ ಖರ್ಚು ಉಳಿಯುತ್ತೆ." ಬ್ರೋಕರ್ ತಲೆಯಾಡಿಸುತ್ತಾನೆ. ನಿಮಗೆ ಉಳಿಯುವುದು ಎಷ್ಟು? ನೋಂದಣಿ ಖರ್ಚಿನಲ್ಲಿ ಸುಮಾರು 90 ಸಾವಿರ. ಆದರೆ 28 ಲಕ್ಷದ ಮೇಲೆ ಶೇ 90 ಸಿಕ್ಕಿದರೂ ಸಾಲ 25.2 ಲಕ್ಷ ಅಷ್ಟೇ. ಮನೆಗೆ ಕೈಯಿಂದ 14.8 ಲಕ್ಷ, ನೋಂದಣಿಗೆ 2.1 ಲಕ್ಷ, ಒಟ್ಟು 17 ಲಕ್ಷದ ಹತ್ತಿರ. 90 ಸಾವಿರ ಉಳಿಸಲು ಹೋಗಿ ಸುಮಾರು 6 ಲಕ್ಷ ಜಾಸ್ತಿ ಹೊಂದಿಸಬೇಕು. ಆ 6 ಲಕ್ಷ ಎಲ್ಲಿಂದ ಬರುತ್ತದೆ? ಹೆಂಡತಿಯ ಒಡವೆಯಿಂದ, ಇಲ್ಲಾ ಪರ್ಸನಲ್ ಲೋನ್‌ನಿಂದ. ಅದರ ಬಡ್ಡಿ ಗೃಹ ಸಾಲದ ಬಡ್ಡಿಗಿಂತ ಎಷ್ಟೋ ಜಾಸ್ತಿ, ಮೇಲೆ ಅದರ ಕಂತೂ ಶೇ 40ರ ಒಳಗೇ ಬರಬೇಕು. ಸಾಲದ್ದಕ್ಕೆ ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ಮುಂಗಡ ಪಡೆಯುವುದೇ ಕಾನೂನಿಗೆ ವಿರುದ್ಧ, ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಮಾರುವವರಿಗೆ ಮೆತ್ತಗೆ ಹೇಳಿ ನೋಡಿ, ಎಷ್ಟೋ ಜನ ಅಲ್ಲೇ ಸುಮ್ಮನಾಗುತ್ತಾರೆ. ಆಗದಿದ್ದರೆ ಆ ಮನೆ ಬಿಡಿ.

ಕೈದುಡ್ಡು ಕೂಡಿಸಲು ನಾನು ಒಪ್ಪುವುದು ಆರ್‌ಡಿ ಮತ್ತು ಎಫ್‌ಡಿ. ನೋಂದಣಿ ಇಲ್ಲದ ಚೀಟಿ ಬೇಡ. ಸಹಕಾರ ಸಂಘದ ಬೆಳೆ ಸಾಲ ಎತ್ತಿ ಮನೆಗೆ ಹಾಕುವ ಜಾಣರೂ ಇದ್ದಾರೆ. ಮಾರ್ಚ್‌ನಲ್ಲಿ ಅದನ್ನು ಕಟ್ಟಬೇಕಾದಾಗ ಅವರ ಮುಖ ನೋಡಬೇಕು.

ಹಂತ 5: ಮೊದಲು ಬ್ಯಾಂಕ್, ಆಮೇಲೆ ಅಡ್ವಾನ್ಸ್

ಎಷ್ಟು ಸಾಲ ಸಿಗುತ್ತದೆ ಅಂತ ಬ್ಯಾಂಕಿನಿಂದ ಬರವಣಿಗೆಯಲ್ಲಿ ತಗೊಂಡು ಮನೆ ಹುಡುಕಿ. ಇಷ್ಟವಾದರೆ ಕಾಗದದ ನಕಲು ಕೇಳಿ. ಇ-ಖಾತೆ, ಭೂಪರಿವರ್ತನೆ ಆದೇಶ (ಕೃಷಿ ಜಾಗದಲ್ಲಿ ಮನೆ ಕಟ್ಟಲು ಕೊಟ್ಟ ಆದೇಶ), ಋಣಭಾರ ಪತ್ರ (ಜಾಗದ ಮೇಲಿನ ನೋಂದಾಯಿತ ಸಾಲ, ವ್ಯವಹಾರ ತೋರಿಸುವ ಪತ್ರ). ಜಮ್ಮಾ ಜಾಗವಾದರೆ, ಅಂದರೆ ಕೊಡಗಿನಲ್ಲಿ ಮನೆತನಕ್ಕೆ ತಲೆತಲಾಂತರದಿಂದ ಬಂದ ಜಾಗವಾದರೆ, ಎರಡು ಪಟ್ಟು ಎಚ್ಚರ. ಒಕ್ಕದ (ಕೊಡವ ಮನೆತನದ) ಹತ್ತಾರು ಜನರ ಹಕ್ಕು ಅದರಲ್ಲಿರುತ್ತದೆ, ಪಾಲು ಆಗದೆ ಬ್ಯಾಂಕ್ ಮುಟ್ಟುವುದಿಲ್ಲ. ನಾನೂ ಒಮ್ಮೆ ಮಡಿಕೇರಿ ಹತ್ತಿರ ಒಂದು ತುಂಡು ಜಾಗಕ್ಕೆ 50 ಸಾವಿರ ಕೊಟ್ಟು ಬಂದಿದ್ದೆ, ಪರಿವರ್ತನೆ ಆಗಿಲ್ಲ ಅಂತ ಗೊತ್ತಾದದ್ದು ಆಮೇಲೆ. ದುಡ್ಡು ವಾಪಸ್ ಬರಲು ವರ್ಷಕ್ಕೊಮ್ಮೆ ಬರುವ ಹುತ್ತರಿ ಹಬ್ಬ ಎರಡು ಸಲ ಕಳೆಯಿತು. ಲೆಕ್ಕ ಬರೆಯುವವನೇ ಹೀಗೆ. "ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್" ಅನ್ನುವ ಒಂದು ಸಾಲನ್ನು ಕರಾರಿನಲ್ಲಿ ಬರೆಸಿ, ಬೇರೇನೂ ಬೇಡ.

ಹಂತ 6: ವಿಮೆ

ಸಾಲದ ಜೊತೆ ಒಂದೇ ಕಂತಿನ ವಿಮೆಯನ್ನು ಸಾಲಕ್ಕೇ ಸೇರಿಸಿ ಕೊಡಲು ಬರುತ್ತಾರೆ. ಆ ಪ್ರೀಮಿಯಂಗೂ 20 ವರ್ಷ ಬಡ್ಡಿ ಕಟ್ಟುತ್ತೀರಿ. ಬೇಡ ಅನ್ನಿ, ಹೊರಗೆ ಒಂದು ಟರ್ಮ್ ಪಾಲಿಸಿ (ಅವಧಿಯೊಳಗೆ ಸತ್ತರೆ ಮನೆಯವರಿಗೆ ದುಡ್ಡು ಕೊಡುವ ಜೀವ ವಿಮೆ) ಮಾಡಿಸಿ. ಮನೆಗೆ ಮಾತ್ರ ಭಾರತ್ ಗೃಹ ರಕ್ಷಾ ಪಾಲಿಸಿ ಬಿಡಬೇಡಿ, ಭೂಕುಸಿತ, ನೆರೆ ಎರಡೂ ಅದರಲ್ಲಿವೆ. ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಗುಡ್ಡ ಜಾರಿದರೂ ಕಂತು ನಿಲ್ಲುವುದಿಲ್ಲ.

ಹಂತ 7: ಕಟ್ಟಿಸುವವರಿಗೆ

ರೆಡಿ ಮನೆ ಬಿಟ್ಟು ಕಟ್ಟಿಸುವುದಾದರೆ ಕ್ಯಾಲೆಂಡರ್ ನೋಡಿ. ಸಾಲ ಹಂತ ಹಂತವಾಗಿ ಬಿಡುಗಡೆಯಾಗುತ್ತದೆ, ಬಿಡುಗಡೆಯಾದಷ್ಟಕ್ಕೆ ಬಡ್ಡಿ ಓಡುತ್ತದೆ. ನಾನು ಏಪ್ರಿಲ್‌ನಲ್ಲಿ ಪಾಯ ತೆಗೆಸಿದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲಿಲ್ಲ, ಮೇಸ್ತ್ರಿ ಊರಿಗೆ ಹೋದವನು ಅಕ್ಟೋಬರ್ ನಡುವಿನ ತುಲಾ ಸಂಕ್ರಮಣ ಕಳೆದ ಮೇಲೆ ಬಂದ. ಅಷ್ಟೂ ತಿಂಗಳು ಬಾಡಿಗೆಯನ್ನೂ ಬಡ್ಡಿಯನ್ನೂ ಒಟ್ಟಿಗೆ ಕಟ್ಟಿದೆ. ಆ ಆರು ತಿಂಗಳ ದುಡ್ಡನ್ನೂ ಕೈದುಡ್ಡಿನ ಪಟ್ಟಿಯಲ್ಲಿ ಬರೆದುಕೊಳ್ಳಿ.